ಸಂಜೀವಪ್ಪನವರ ಹದಿನೆಂಟು ಗುಂಡಿ

ಸಂಜೀವಪ್ಪನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆ ಭಾಷೆಯಲ್ಲಿ ಅವರ ಬಾಯಿಗೆ ಬಾರದ ಪದ ಒಂದೇ, ‘ನೋ’. ದಂಡಿನ ಉಗ್ರಾಣದ ಕಚೇರಿಯಲ್ಲಿ ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿ, ಐದು ಜನ ಸಾಹೇಬರನ್ನು ಕಂಡು, ಐವರ ಎದುರಿಗೂ ‘ಎಸ್ ಸರ್’ ಅಂತಲೇ ಬಾಳಿ ಬಂದಿದ್ದರು. ಅದರಿಂದ ಅವರಿಗೆ ನಷ್ಟವೇನೂ ಆಗಿರಲಿಲ್ಲ. ಆರನೆಯ ಸಾಹೇಬ ಬರುವ ತನಕ ಆಗಿರಲಿಲ್ಲ.

ಆರನೆಯವರು ಮೇಜರ್ ಡಾಬ್ಸನ್. ಜಪಾನಿನವರು ಬರ್ಮಾ ಹಿಡಿದ ವರ್ಷ, ಆಷಾಢದ ಮಳೆಯಲ್ಲಿ ಬಂದಿಳಿದರು. ಕೆಂಪಗೆ, ದುಂಡಗೆ, ಮನುಷ್ಯ ಒಳ್ಳೆಯವರೇ. ಆದರೆ ಅವರಿಗೆ ಗಾಲ್ಫ್ ಹುಚ್ಚು. ಗಾಲ್ಫ್ ಅಂದರೆ, ಚೆಂಡನ್ನು ಕೋಲಿನಿಂದ ದೂರ ದೂರಕ್ಕೆ ಹೊಡೆದು, ಕೊನೆಗೆ ನೆಲದಲ್ಲಿ ಚೊಂಬಿನ ಬಾಯಿಯಷ್ಟು ಅಗಲ ತೋಡಿದ ಗುಂಡಿಯೊಳಗೆ ಬೀಳಿಸುವ ಆಟ. ಮೈದಾನದ ತುಂಬ ಅಂಥ ಗುಂಡಿ ಹದಿನೆಂಟು. ಗುಂಡಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ತಟ್ಟಿ ಒಳಕ್ಕೆ ಇಳಿಸುವುದಕ್ಕೆ ‘ಪಟ್’ ಅಂತ ಹೆಸರು. ಮೇಜರ್ ಸಾಹೇಬರ ಸೀಮೆಯಲ್ಲಿ ಅಕಾರ ಉಕಾರ ಎಲ್ಲ ಒಂದೇ ಆದ್ದರಿಂದ ಅವರು ಅದನ್ನು ‘ಪುಟ್’ ಅನ್ನುತ್ತಿದ್ದರು. ಈ ಒಂದು ಕೊಂಬಿನಿಂದಲೇ ಮುಂದಿನದೆಲ್ಲ ನಡೆದದ್ದು.

ಮಳೆಗಾಲಕ್ಕೆ ಮೈದಾನ ಮುಚ್ಚಿತ್ತು. ಜೊತೆಗೆ ಆಡುವ ಅಧಿಕಾರಿಗಳೆಲ್ಲ ಅಸ್ಸಾಮಿನ ಕಡೆ ಹೋಗಿದ್ದರು. ದೀಪಾವಳಿ ಕಳೆದ ಮೇಲಿನ ಭಾನುವಾರ ದೊಡ್ಡ ಕರ್ನಲ್ ಸಾಹೇಬರ ಜೋಡಿಯ ಎದುರು ಒಂದು ಪಂದ್ಯ ಗೊತ್ತಾಗಿತ್ತು. ಡಾಬ್ಸನ್ನರಿಗೆ ಜೊತೆಗಾರನೇ ಇಲ್ಲ. ಇದೇ ಚಿಂತೆಯಲ್ಲಿ ಕಿಟಕಿಯಿಂದ ಮಳೆ ನೋಡುತ್ತ ಕೂತಿದ್ದವರು, ಕಾಗದ ಹಿಡಿದು ಒಳಗೆ ಬಂದ ಸಂಜೀವಪ್ಪನವರನ್ನು ಸುಮ್ಮನೆ ಕೇಳಿದರು.

“ಸಂಜೀವಪ್ಪ, ನೀನು ಪುಟ್ ಮಾಡ್ತೀಯಾ?”

ಕಚೇರಿಯಲ್ಲಿ ಸಾಹೇಬರ ಸಹಿಗೆ ಕಡತ ಒಪ್ಪಿಸುವುದನ್ನು ‘ಪುಟ್ ಅಪ್’ ಅನ್ನುತ್ತಾರೆ. ಸಂಜೀವಪ್ಪನವರು ಎದೆ ಸೆಟೆಸಿ ನಿಂತರು.

“ಹನ್ನೆರಡು ವರ್ಷದಿಂದ ಮಾಡ್ತಾ ಇದ್ದೀನಿ ಸರ್.”

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ದಿನಾ?”

“ದಿನಾ ಸರ್. ನಲವತ್ತು, ಐವತ್ತು. ಒಂದೂ ವಾಪಸ್ ಬಂದಿಲ್ಲ.”

ಮೇಜರ್ ಡಾಬ್ಸನ್ ಮೇಜು ಬಳಸಿ ಬಂದು ಗುಮಾಸ್ತರ ಕೈ ಕುಲುಕಿದರು. ಬೀರುವಿನ ಹಿಂದಿನಿಂದ ತುದಿಗೆ ಕಬ್ಬಿಣದ ಪಟ್ಟಿ ಇದ್ದ ಒಂದು ಕೋಲನ್ನೂ ಮೂರು ಬಿಳಿ ಚೆಂಡನ್ನೂ ತೆಗೆದು ಅವರ ಕೈಗಿತ್ತು, “ದೂರದ ಹೊಡೆತ ನಾನು ನೋಡ್ಕೋತೀನಿ, ಗುಂಡಿ ಹತ್ತಿರ ಬಂದ ಮೇಲೆ ನಿನ್ನ ಕೆಲಸ. ಮೈದಾನ ಇಲ್ಲ ಅಂತ ಕೈ ಬಿಡಬೇಡ, ಮನೇಲೇ ಅಭ್ಯಾಸ ಮಾಡು. ಆಮೇಲೆ, ಆ ಹೆಡ್ ಕ್ಲಾರ್ಕ್ ಜಾಗ ಖಾಲಿ ಇದೆಯಲ್ಲ, ದೀಪಾವಳಿ ಆದ್ಮೇಲೆ ಮಾತಾಡೋಣ” ಅಂದರು.

ಕೋಲು ಕೈಗೆ ಬಂದಾಗಲೇ ಸಂಜೀವಪ್ಪನವರಿಗೆ ಎಲ್ಲೋ ಎಡವಟ್ಟಾಯಿತು ಅನ್ನಿಸಿತು. ಆದರೆ ಆಗ ಹೇಳಬೇಕಾಗಿದ್ದ ಪದ ಯಾವುದೋ ಅದು ಅವರ ಬಾಯಿಗೆ ಬರುವಂಥದ್ದಲ್ಲ. ‘ಎಸ್ ಸರ್’ ಅಂದು, ಕೋಲನ್ನು ಛತ್ರಿಯೊಳಗೆ ಸುತ್ತಿಕೊಂಡು ಹಲಸೂರಿಗೆ ಬಂದರು.

ಹಲಸೂರಿನಲ್ಲಿ ಅವರದು ಗೋವಿಂದಮ್ಮನವರ ಸಾಲುಮನೆಯಲ್ಲಿ ಒಂದು ಬಾಡಿಗೆ ಮನೆ. ಗೋವಿಂದಮ್ಮ ವಿಧವೆ, ಸಾಲುಮನೆಯ ಒಡತಿ, ಯಾರ ಮನೆಯಲ್ಲಿ ಏನು ಒಗ್ಗರಣೆ ಅನ್ನುವುದೂ ಆಕೆಗೆ ತಿಳಿದಿರಬೇಕು. ಪಕ್ಕದ ಮನೆಯಲ್ಲಿ ಶಫಿ ಸಾಹೇಬರು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೋಲ್ಜರರಿಗೆ ಬಟ್ಟೆ ಹೊಲಿಯುವ ದರ್ಜಿ.

ಸಂಜೀವಪ್ಪನವರ ನಡುಮನೆ ಹದಿನಾಲ್ಕು ಅಡಿ ಉದ್ದ. ಕೆಂಪು ಗಾರೆ ನೆಲ, ಬಚ್ಚಲಿನ ಕಡೆಗೆ ಇಳಿಜಾರು. ಒಂದು ಕೊನೆಯಲ್ಲಿ ಹಿತ್ತಾಳೆ ಚೊಂಬನ್ನು ಅಡ್ಡ ಮಲಗಿಸಿ, ಇನ್ನೊಂದು ಕೊನೆಯಲ್ಲಿ ನಿಂತು ಅವರು ಚೆಂಡು ತಟ್ಟತೊಡಗಿದರು. ಚೆಂಡು ಚೊಂಬಿನ ಕಡೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ, ಬಚ್ಚಲಿಗೆ ಹೋಗಿ ಬೀಳುತ್ತಿತ್ತು. ಮೊದಲ ಸಂಜೆ ಅರವತ್ತು ಸಲ ತಟ್ಟಿದರು. ಅರವತ್ತು ಸಲವೂ ಬಚ್ಚಲಿಗೇ.

ಹೆಂಡತಿ ಆದಿಲಕ್ಷ್ಮಿ ಒಂದು ವಾರ ಏನೂ ಅನ್ನಲಿಲ್ಲ. ಎಂಟನೆಯ ದಿನ ಚೆಂಡು ಬಾಗಿಲು ದಾಟಿ ಅಡುಗೆಮನೆಗೆ ನುಗ್ಗಿ ಹುಳಿಯ ಪಾತ್ರೆಗೆ ಬಿದ್ದಾಗ, ಸೌಟಿನಲ್ಲಿ ಅದನ್ನು ಎತ್ತಿ ಹಿಡಿದುಕೊಂಡು ಬಂದು ಗಂಡನ ಮುಂದೆ ನಿಂತರು.

“ಇದೇನ್ರೀ?”

“ಸ್ವಲ್ಪ ಸುಮ್ನಿರೆ. ಉಸಿರು ಬಿಡ್ಬೇಡ. ಉಸಿರು ಬಿಟ್ರೆ ಗುರಿ ತಪ್ಪತ್ತೆ.”

“ನಾನು ಉಸಿರು ಬಿಟ್ಟಿದ್ದಕ್ಕೆ ಚೆಂಡು ಹುಳಿಗೆ ಬಿತ್ತಾ?”

ನಲವತ್ತು ದಾಟಿದ ಗಂಡಸು ಸುಳ್ಳು ಹೇಳಿ ಸಿಕ್ಕಿಕೊಂಡು ಮಕ್ಕಳಂತೆ ಚೆಂಡು ಉರುಳಿಸುತ್ತಿದ್ದೇನೆ ಅಂತ ಹೆಂಡತಿಗೆ ಹೇಳುವುದು ಹೇಗೆ? ಸಂಜೀವಪ್ಪನವರು ಗಾಂಭೀರ್ಯ ತಂದುಕೊಂಡರು. “ಇದು ಸಾಹೇಬರ ಕೆಲ್ಸ. ಒಟ್ಟು ಹದಿನೆಂಟು ಗುಂಡಿ. ದೀಪಾವಳಿ ಒಳಗೆ ನಾನು ತಯಾರಾಗಿರ್ಬೇಕು. ಯಾರ ಹತ್ರಾನೂ ಬಾಯಿ ಬಿಡ್ಬೇಡ.”

ಆದಿಲಕ್ಷ್ಮಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗೋವಿಂದಮ್ಮನ ಹತ್ತಿರ ಬಿಟ್ಟರು, ಅಷ್ಟೇ. ಅದೂ ಆಕೆಯಾಗಿ ಬಂದು, “ಏನಮ್ಮ, ದಿನಾ ಸಂಜೆ ನಿಮ್ಮನೆಯಿಂದ ಟಕ್ ಅಂತೈತೆ, ಗುರ್ ಅಂತೈತೆ. ನೆಲ ಗಿಲ ಒಡೀತಾವ್ರಾ?” ಅಂತ ಕೇಳಿದ್ದರಿಂದ.

“ಇಲ್ಲ ಗೋವಿಂದಮ್ಮನೋರೆ. ಅದೇನೋ ಸಾಹೇಬರು ಹೇಳವ್ರಂತೆ. ಹದಿನೆಂಟು ಗುಂಡಿ ಅಂತೆ. ದೀಪಾವಳಿ ಒಳಗೆ ತಯಾರಾಗಿರ್ಬೇಕಂತೆ.”

ಗೋವಿಂದಮ್ಮ ಇದನ್ನು ಬೀದಿಯ ನಲ್ಲಿಯ ಹತ್ತಿರ ಹೇಳಿದರು. ಶಫಿ ಸಾಹೇಬರಿಗೂ ಸುದ್ದಿ ಮುಟ್ಟಿತು. ದರ್ಜಿಯಾದ್ದರಿಂದ ಅವರು ಗುಂಡಿ ಅಂದರೆ ಕೋಟಿನ ಗುಂಡಿ ಅಂತಲೇ ತಿಳಿದರು. “ಹದಿನೆಂಟು ಗುಂಡಿ ಕೋಟು ಯಾವ ರೆಜಿಮೆಂಟಿಗೂ ಇಲ್ಲ. ಹೊಸಾ ಪಲ್ಟನ್ ಬರ್ತೈತೆ” ಅಂದರು. ಹಾಗೆ ಒಂದೇ ದಿನದಲ್ಲಿ ಹದಿನೆಂಟು ಗುಂಡಿಯ ಜೊತೆಗೆ ಒಂದು ಪಲ್ಟನ್ನೂ ಸೇರಿಕೊಂಡಿತು.

ಇದೆಲ್ಲಕ್ಕೂ ಅರ್ಥ ಹಚ್ಚಿದವರು ಮುನಿರಾಜಪ್ಪ. ಸೌದೆ ಡಿಪೋ ಇಟ್ಟುಕೊಂಡಿದ್ದ ಮುನಿರಾಜಪ್ಪನವರನ್ನು ಸರ್ಕಾರ ಆ ಬೀದಿಗೆ ಎ.ಆರ್.ಪಿ. ವಾರ್ಡನ್ ಅಂತ ನೇಮಿಸಿತ್ತು. ವಿಮಾನ ಬಂದು ಬಾಂಬು ಹಾಕಿದರೆ ಏನು ಮಾಡಬೇಕು ಅಂತ ಜನಕ್ಕೆ ಹೇಳಿಕೊಡುವುದು ಅವರ ಕೆಲಸ. ತಲೆಗೆ ತಗಡಿನ ಟೋಪಿ, ಕೊರಳಿಗೆ ಸೀಟಿ. ಮನೆಮನೆಗೂ ಹಿತ್ತಲಲ್ಲಿ ಒಂದು ಗುಂಡಿ ತೋಡಿ, ಸೈರನ್ ಕೂಗಿದ ಕೂಡಲೇ ಇಳಿದು ಕೂತುಕೊಳ್ಳಿ ಅಂತ ಆರು ತಿಂಗಳಿಂದ ಸಾರುತ್ತಿದ್ದರೂ ಒಬ್ಬರೂ ಗುದ್ದಲಿ ಮುಟ್ಟಿರಲಿಲ್ಲ. ಈಗ ಅವರು ನಲ್ಲಿಯ ಕಟ್ಟೆ ಹತ್ತಿ ನಿಂತರು.

“ಸಂಜೀವಪ್ಪನೋರು ಎಲ್ಲಿ ಕೆಲ್ಸ ಮಾಡೋದು? ಮಿಲಿಟರಿ ಆಫೀಸಲ್ಲಿ. ಅವ್ರಿಗೆ ಮೇಜರ್ ಸಾಹೇಬ್ರು ಏನು ಹೇಳವ್ರೆ? ಹದಿನೆಂಟು ಗುಂಡಿ, ದೀಪಾವಳಿ ಒಳಗೆ. ನಮ್ಮ ಬೀದೀಲಿ ಮನೆ ಎಷ್ಟು? ಹದಿನೇಳು. ನನ್ನ ಡಿಪೋ ಸೇರಿದ್ರೆ ಹದಿನೆಂಟು. ಇನ್ನು ನಾನು ಬಿಡಿಸಿ ಹೇಳ್ಬೇಕಾ?”

ಬಿಡಿಸಿ ಹೇಳಬೇಕಾಗಲಿಲ್ಲ. ಆ ಭಾನುವಾರ ಇಡೀ ಬೀದಿ ಹಿತ್ತಲಿಗೆ ಇಳಿಯಿತು. ಶಫಿ ಸಾಹೇಬರ ಬೇಗಂ ತಾಹೇರಾ ಮಾತ್ರ ತವರಿಗೆ ಹೋಗುತ್ತೇನೆ ಅಂತ ಪೆಟ್ಟಿಗೆ ಕಟ್ಟಿದರು. ಶಫಿ ಸಾಹೇಬರು ಒಬ್ಬರೇ ಅಗೆದರು. ಹಿತ್ತಲಿಲ್ಲದ ಮನೆಯವರು ಬೀದಿಯ ಬದಿಯಲ್ಲೇ ತೋಡಿದರು. ಸಂಜೀವಪ್ಪನವರ ಪಾಲಿನದನ್ನೂ ಮುನಿರಾಜಪ್ಪನವರೇ ಅಲ್ಲೇ ತೋಡಿಸಿದರು. ಗೋವಿಂದಮ್ಮ ತಮ್ಮ ಗುಂಡಿಗೆ ಕೂರಲು ಮೆಟ್ಟಿಲು, ಎಲೆಅಡಿಕೆ ಡಬ್ಬಿ ಇಡಲು ಗೂಡು ಎಲ್ಲ ಮಾಡಿಸಿಕೊಂಡರು.

ಸಂಜೀವಪ್ಪನವರು ಮೊದಲು ಇದನ್ನು ಗಮನಿಸಲೇ ಇಲ್ಲ. ಅವರ ಲಕ್ಷ್ಯವೆಲ್ಲ ಚೊಂಬಿನ ಮೇಲಿತ್ತು. ನೆಲದ ಇಳಿಜಾರಿಗೆ ತಕ್ಕಂತೆ ಚೊಂಬಿನಿಂದ ಮೂರು ಗೇಣು ಬಲಕ್ಕೆ ಗುರಿಯಿಟ್ಟರೆ ಹತ್ತರಲ್ಲಿ ನಾಲ್ಕು ಸಲ ಚೆಂಡು ಒಳಗೆ ಹೋಗುತ್ತದೆ ಅನ್ನುವ ಮಹಾಶೋಧನೆಯನ್ನು ಅವರು ಆ ವಾರ ಮಾಡಿದ್ದರು. ಇದೇ ಗುಂಗಿನಲ್ಲಿ ಕಚೇರಿಗೆ ಹೊರಟಿದ್ದಾಗ ಮುನಿರಾಜಪ್ಪ ಎದುರಾಗಿ ಸೆಲ್ಯೂಟ್ ಹೊಡೆದರು.

“ಸ್ವಾಮಿ, ಹದಿನೆಂಟೂ ಆಯ್ತು.”

“ಏನು ಹದಿನೆಂಟು?”

ಮುನಿರಾಜಪ್ಪ ಮೆಲ್ಲಗೆ ನಕ್ಕರು. “ನೀವು ಬಾಯಿ ಬಿಡೋ ಹಾಗಿಲ್ಲ, ನನಗೆ ಗೊತ್ತು. ನಾನೂ ಕೇಳಲ್ಲ. ನಮ್ಮ ಬೀದಿ ಉಳಿಸಿದ್ರಿ, ಅಷ್ಟು ಸಾಕು.”

ಅರ್ಧ ಗಂಟೆ ಹಿಡಿಯಿತು, ಸಂಜೀವಪ್ಪನವರಿಗೆ ವಿಷಯ ತಲೆಗೆ ಹೋಗಲು. ಯುದ್ಧದ ಬಗ್ಗೆ ಗಾಳಿಸುದ್ದಿ ಹಬ್ಬಿಸಿದವರನ್ನು ಜೈಲಿಗೆ ಹಾಕುವ ಕಾನೂನು ಆಗ ಜಾರಿಯಲ್ಲಿತ್ತು. ಆ ಕಾನೂನಿನ ಕಾಗದವನ್ನು ಕಚೇರಿಯ ಗೋಡೆಗೆ ಅಂಟಿಸಿದವರು ಸ್ವತಃ ಸಂಜೀವಪ್ಪನವರೇ. ನಿಜ ಹೇಳಿದರೆ, ಒಬ್ಬ ಗುಮಾಸ್ತ ಚೆಂಡು ಉರುಳಿಸಿದ್ದಕ್ಕೆ ಹದಿನೇಳು ಮನೆಯವರು ಸೊಂಟ ಮುರಿದುಕೊಂಡರು ಅಂತ ಬೀದಿಯವರು ಅವರನ್ನೇ ಆ ಗುಂಡಿಯೊಳಗೆ ಇಳಿಸಿಯಾರು. ಹೇಳದಿದ್ದರೆ ಜೈಲು.

ಯೋಚಿಸಿ ಯೋಚಿಸಿ, ಮೊದಲು ಸಮಾಧಾನದ ಮನುಷ್ಯ ಶಫಿ ಸಾಹೇಬರಿಗೆ ಗುಟ್ಟು ಹೇಳುವುದು ಅಂತ ತೀರ್ಮಾನಿಸಿದರು. ಶಫಿ ಸಾಹೇಬರು ಗುಂಡಿಯೊಳಗೆ ನಿಂತು, ಮಳೆಗೆ ಕುಸಿದ ಮಣ್ಣು ಎತ್ತಿ ಹಾಕುತ್ತಲೇ ಕೇಳಿಸಿಕೊಂಡರು.

“ಅಂದ್ರೆ, ಚೆಂಡು?”

“ಚೆಂಡು.”

“ಕೋಲಲ್ಲಿ ತಟ್ಟೋದು.”

“ಹೌದು ಶಫಿ ಸಾಬ್ರೆ. ತಟ್ಟಿ ಗುಂಡಿಗೆ ಹಾಕೋದು. ಅಷ್ಟೇ ವಿಷ್ಯ.”

“ಹಾಕಿದ್ಮೇಲೆ?”

“ತೆಗೆಯೋದು.”

“ತೆಗೆದು?”

“ಇನ್ನೊಂದು ಗುಂಡಿಗೆ ಹಾಕೋದು.”

ಶಫಿ ಸಾಹೇಬರು ಗುದ್ದಲಿ ಊರಿ ನಿಂತರು. “ಸಂಜೀವಪ್ಪನೋರೆ, ನಮಗೆ ಹೇಳಕ್ಕಾಗಲ್ಲ ಅಂದ್ರೆ ಬೇಡ ಬಿಡಿ. ಅದಕ್ಕೆ ಇಂಥಾದ್ದೆಲ್ಲ ಯಾಕೆ ಹೇಳ್ತೀರಿ. ದೊಡ್ಡೋರು ಸಾವಿರ ಹರದಾರಿ ದೂರದಿಂದ ಜಹಜು ಹತ್ಕೊಂಡು ಬಂದಿರೋದು ಚೆಂಡು ಹಾಕಿ ತೆಗೆಯೋಕಾ?”

ಸಂಜೀವಪ್ಪನವರು ಮನೆಗೆ ಬಂದು ಮತ್ತೆ ಕೋಲು ಹಿಡಿದರು.

ದಸರೆ ಕಳೆಯುತ್ತಿದ್ದಂತೆ ಮಳೆ ಜೋರಾಯಿತು. ಹದಿನೆಂಟು ಗುಂಡಿಯೂ ತುಂಬಿ, ನೆಲ ಯಾವುದು ನೀರು ಯಾವುದು ತಿಳಿಯದಾಯಿತು. ಮೊದಲು ಒಂದು ಕೋಳಿ ಬಿತ್ತು. ಆಮೇಲೆ ಹಾಲಿನವನ ಎಮ್ಮೆ ಬಿತ್ತು. ಅದನ್ನು ಎತ್ತಲು ವಾರ್ಡನ್ನರು ಸೀಟಿ ಊದಿ ಊದಿ ಜನ ಸೇರಿಸಬೇಕಾಯಿತು. ಮೂರನೆಯದಾಗಿ, ಒಂದು ಬೆಳಿಗ್ಗೆ, ಛತ್ರಿ ಅಡ್ಡ ಹಿಡಿದು ಕಚೇರಿಗೆ ಹೊರಟಿದ್ದ ಸಂಜೀವಪ್ಪನವರು ಬೀದಿ ಬದಿಯ ಗುಂಡಿಯಲ್ಲಿ ಸೊಂಟದವರೆಗೆ ಇಳಿದರು. ಎಡಗಾಲು ಉಳುಕಿತು.

ಎಳೆದು ತಂದು ಮಂಚದ ಮೇಲೆ ಹಾಕಿದರು. ಆದಿಲಕ್ಷ್ಮಿ ಕಾಲಿಗೆ ಉಪ್ಪು ಹುಣಸೆಹಣ್ಣು ಬೇಯಿಸಿ ಹಚ್ಚುತ್ತ, “ಎಮ್ಮೆ ಬಿದ್ದ ಜಾಗ ಅಂತ ಗೊತ್ತಿತ್ತಲ್ರೀ. ಎಮ್ಮೆಗೂ ಎರಡನೇ ಸಲ ನೆನಪಿತ್ತು, ಸುತ್ಕೊಂಡು ಹೋಯ್ತು” ಅಂದರು. ಸಂಜೀವಪ್ಪನವರು ಗೋಡೆ ಕಡೆ ತಿರುಗಿ ಮಲಗಿದರು.

ಮೂರು ದಿನ ಗುಮಾಸ್ತ ಬಾರದೆ ಹೋದದ್ದಕ್ಕೆ ಮೇಜರ್ ಡಾಬ್ಸನ್ನರಿಗೆ ಕಳವಳವಾಯಿತು. ಕಡತಗಳ ಬಗ್ಗೆ ಅಲ್ಲ, ಪಂದ್ಯದ ಬಗ್ಗೆ. ನಾಲ್ಕನೆಯ ದಿನ ಸಾಯಂಕಾಲ ಅವರ ಮೋಟಾರು ಬಂದು ಬೀದಿಯ ತುದಿಯಲ್ಲಿ ನಿಂತಿತು. ಗುಂಡಿಗಳ ದೆಸೆಯಿಂದ ಅದು ಒಳಕ್ಕೆ ಬರುವಂತಿರಲಿಲ್ಲ. ಸಾಹೇಬರು ಇಳಿದು ಎಡಕ್ಕೆ ಹಾರಿ, ಬಲಕ್ಕೆ ಹಾರಿ ನಡೆದು ಬಂದರು. ಹಿಂದೆ ಇಡೀ ಬೀದಿ ಬಂತು.

ಸಾಹೇಬರು ಮನೆಯೊಳಗೆ ಕಾಲಿಡುವಷ್ಟರಲ್ಲಿ ಮುನಿರಾಜಪ್ಪ ಅಡ್ಡ ನಿಂತು ಸೆಲ್ಯೂಟ್ ಹೊಡೆದು, ತಮಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. “ಏಟೀನ್ ಹೋಲ್ಸ್ ರೆಡಿ ಸರ್. ಸಂಜೀವಪ್ಪ ಆರ್ಡರ್ ಸರ್.”

ಮೇಜರ್ ಡಾಬ್ಸನ್ ತಿರುಗಿ ಬೀದಿ ನೋಡಿದರು. ಮತ್ತೆ ಮಂಚದ ಮೇಲಿದ್ದ ಸಂಜೀವಪ್ಪನವರನ್ನು ನೋಡಿದರು. ಅವರ ಕಣ್ಣು ತೇವವಾಯಿತು. ಮೈದಾನ ಮುಚ್ಚಿದೆ ಅಂತ ತನ್ನ ಬೀದಿಯನ್ನೇ ಮೈದಾನ ಮಾಡಿಕೊಂಡ ಆಟಗಾರನನ್ನು ಅವರು ಇಂಗ್ಲೆಂಡಿನಲ್ಲೂ ಕಂಡಿರಲಿಲ್ಲ.

ಸಂಜೀವಪ್ಪನವರು ಎದ್ದು ಕೂತು, “ಸರ್, ಅದು ಏನಾಯ್ತು ಅಂದ್ರೆ ಸರ್” ಅಂತ ಮೂರು ಸಲ ಶುರುಮಾಡಿದರು. ಮೂರು ಸಲವೂ ಸಾಹೇಬರು ಅವರ ಭುಜ ತಟ್ಟಿ ಕೂರಿಸಿದರು. ಬಾಗಿಲಲ್ಲಿ ಜನ, ಸಾಹೇಬರು ಏನಂದರು ಏನಂದರು ಅಂತ ಶಫಿ ಸಾಹೇಬರನ್ನು ತಿವಿಯುತ್ತಿದ್ದರು. ಸೋಲ್ಜರರ ಅಳತೆ ತೆಗೆದು ತೆಗೆದು ಶಫಿ ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು, ಸೊಂಟದ ಸುತ್ತಳತೆಯಷ್ಟು.

“ಗುಂಡಿ ಸ್ವಲ್ಪ ದೊಡ್ಡದಾಯ್ತು” ಅಂದರು ಸಾಹೇಬರು ನಗುತ್ತ. “ಇಷ್ಟು ದೊಡ್ಡದಕ್ಕೆ ನನ್ನದೂ ತಪ್ಪೋದಿಲ್ಲ.”

“ಇನ್ನು ಸಾಹೇಬ್ರೂ ತಪ್ಪಿಸ್ಕೊಳ್ಳೋ ಹಾಗಿಲ್ಲಂತೆ” ಅಂತ ಶಫಿ ಸಾಹೇಬರು ತರ್ಜುಮೆ ಮಾಡಿದರು. ಜನ ನಿಟ್ಟುಸಿರು ಬಿಟ್ಟರು.

“ಪಂದ್ಯಕ್ಕೆ ಇನ್ನೂ ಎರಡು ವಾರ ಇದೆ. ಕಾಲಿಗೆ ವಿಶ್ರಾಂತಿ ಕೊಡು. ಆ ದಿನ ನಾನೇ ಮೋಟಾರು ಕಳಿಸ್ತೀನಿ. ಹದಿನೆಂಟು ಮುಗಿದ ಮೇಲೆ ಹತ್ತೊಂಬತ್ತನೇ ಗುಂಡಿಗೆ ಹೋಗೋಣ. ಅದು ನನ್ನ ಖರ್ಚು” ಅಂದು ಸಾಹೇಬರು ಹೊರಟರು.

ಶಫಿ ಸಾಹೇಬರು ಈ ಸಲ ಕೂಡಲೇ ಬಾಯಿ ಬಿಡಲಿಲ್ಲ. ಮೋಟಾರು ಹೋದಮೇಲೆ ಗೋವಿಂದಮ್ಮ ಬಲವಂತ ಮಾಡಿದ್ದಕ್ಕೆ ಸಣ್ಣ ದನಿಯಲ್ಲಿ ಹೇಳಿದರು.

“ಹತ್ತೊಂಬತ್ತನೇದು ಒಂದು ಗುಂಡಿ ಐತಂತೆ. ದೀಪಾವಳಿ ಆದ ಭಾನುವಾರ ಮೋಟಾರು ಬರ್ತೈತೆ, ಸಂಜೀವಪ್ಪನೋರನ್ನ ಕರ್ಕೊಂಡು ಹೋಗ್ತಾರೆ. ಖರ್ಚೆಲ್ಲ ಸರ್ಕಾರದ್ದೇ.”

ಅಲ್ಲಿದ್ದವರಿಗೆಲ್ಲ ಗೊತ್ತು, ಸರ್ಕಾರದ ಖರ್ಚಿನಲ್ಲಿ ಒಬ್ಬ ಮನುಷ್ಯನಿಗೆ ತೋಡುವ ಗುಂಡಿ ಯಾವುದು ಅಂತ. ಮುನಿರಾಜಪ್ಪ ತಗಡಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಅಂದಿನಿಂದ ಸಂಜೀವಪ್ಪನವರಿಗೆ ಬೀದಿಯಲ್ಲಿ ಬಂದ ಮರ್ಯಾದೆ ಹೇಳತೀರದು. ಹದಿನೈದು ವರ್ಷದಲ್ಲಿ ಒಂದು ಲೋಟ ಮಜ್ಜಿಗೆ ಕೊಡದ ಗೋವಿಂದಮ್ಮ ದಿನಾ ರಾಗಿಮುದ್ದೆ, ಸೊಪ್ಪಿನ ಸಾರು ತಂದಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತಾಹೇರಾ ಬೇಗಂ ತವರಿನ ಪ್ರಯಾಣ ನಿಲ್ಲಿಸಿ ಶಾವಿಗೆ ಪಾಯಸ ಕಳಿಸಿದರು. ಶಫಿ ಸಾಹೇಬರು ಬಂದು, ಅಳತೆ ತೆಗೆದುಕೊಂಡು, ಏನೂ ಹೇಳದೆ ಒಂದು ಬಿಳಿ ಅಂಗಿ ಹೊಲಿದು ಕೊಟ್ಟರು.

“ಅದು ಚೆಂಡಾಟ” ಅಂತ ಸಂಜೀವಪ್ಪನವರು ಒಬ್ಬೊಬ್ಬರಿಗೂ ಹೇಳಿ ನೋಡಿದರು. “ಸಾಯೋದಲ್ಲ, ಆಟ.”

“ಹೂಂ ಸ್ವಾಮಿ, ಆಟಾನೇ” ಅಂದರು ಗೋವಿಂದಮ್ಮ, ಇನ್ನೊಂದು ಮುದ್ದೆ ಬಡಿಸುತ್ತ. “ಬದುಕೇ ಒಂದಾಟ.”

ಆದಿಲಕ್ಷ್ಮಿಗೆ ತಲೆ ಚಿಟ್ಟುಹಿಡಿಯಿತು. ಬಂದವರೆಲ್ಲ ತಮ್ಮ ಕೈ ಹಿಡಿದು, ಧೈರ್ಯವಾಗಿರಮ್ಮ ಅನ್ನುವುದು. ತಾವು, ಏನಿಲ್ಲ, ಚೆಂಡು ತಟ್ಟಕ್ಕೆ ಹೋಗ್ತಾವ್ರೆ ಅನ್ನುವುದು. ಅದಕ್ಕೆ ಅವರು ಇನ್ನಷ್ಟು ಅಳುವುದು. ಕೊನೆಗೆ ಆದಿಲಕ್ಷ್ಮಿಯೂ ಹೇಳುವುದನ್ನು ಬಿಟ್ಟು, ಬಂದ ಸಾರಿಗೆ ಪಾತ್ರೆ ತೆಗೆದು ಕೊಡತೊಡಗಿದರು.

ಭಾನುವಾರ ಬಂತು. ಮೋಟಾರೂ ಬಂತು. ಬಿಳಿ ಅಂಗಿ ತೊಟ್ಟು ಕುಂಟುತ್ತ ಹೊರಟ ಸಂಜೀವಪ್ಪನವರನ್ನು ಬೀದಿಯೇ ನಿಂತು ಬೀಳ್ಕೊಟ್ಟಿತು. ಮುನಿರಾಜಪ್ಪ ಸೀಟಿ ಊದಿದರು. ಏಕೆಂದು ಅವರಿಗೂ ತಿಳಿಯದು.

ಮೈದಾನದಲ್ಲಿ ನಡೆದದ್ದನ್ನು ಉದ್ದಕ್ಕೆ ಹೇಳುವ ಹಾಗಿಲ್ಲ. ಮೇಜರ್ ಸಾಹೇಬರು ಚೆಂಡನ್ನು ತಂದು ತಂದು ಗುಂಡಿಯ ಹತ್ತಿರ ನಿಲ್ಲಿಸಿದರು. ಸಂಜೀವಪ್ಪನವರು ಎರಡೂವರೆ ತಿಂಗಳ ಅಭ್ಯಾಸದಂತೆ ಪ್ರತಿಸಲವೂ ಮೂರು ಗೇಣು ಬಲಕ್ಕೆ ಗುರಿಯಿಟ್ಟು ತಟ್ಟಿದರು. ಇಂಗ್ಲಿಷರ ಹುಲ್ಲಿನಡಿಯಲ್ಲಿ ಹಲಸೂರಿನ ಇಳಿಜಾರು ಇರಲಿಲ್ಲ. ಚೆಂಡು ಪ್ರತಿಸಲವೂ ಮೂರು ಗೇಣು ಬಲಕ್ಕೇ ಹೋಗಿ ನಿಂತಿತು. ಹದಿನೆಂಟು ಗುಂಡಿಯಲ್ಲಿ ಹದಿನೆಂಟನ್ನೂ ಸೋತರು. ಮೇಜರ್ ಡಾಬ್ಸನ್ನರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಆದರೆ ದೊಡ್ಡ ಕರ್ನಲ್ ಸಾಹೇಬರು ಹಿಂದೂಸ್ಥಾನಕ್ಕೆ ಬಂದಮೇಲೆ ಒಂದೂ ಪಂದ್ಯ ಗೆದ್ದವರಲ್ಲ. ಆ ಸಂಜೆ ಅವರಿಗಾದ ಆನಂದ ಅಷ್ಟಿಷ್ಟಲ್ಲ. “ಡಾಬ್ಸನ್, ಎಂಥ ಸೊಗಸಾದ ಜೊತೆಗಾರ ನಿನಗೆ. ಈ ಮನುಷ್ಯನಿಗೆ ಏನು ಬೇಕೋ ಮಾಡಿಕೊಡು. ಆದರೆ ಪ್ರತಿ ಭಾನುವಾರ ತಪ್ಪದೆ ಕರೆದುಕೊಂಡು ಬಾ” ಅಂದರು. ಹತ್ತೊಂಬತ್ತನೇ ಗುಂಡಿ ಅಂದರೆ, ಆಟ ಮುಗಿಸಿದವರು ಕೂತು ಕುಡಿಯುವ ಕೊಠಡಿಗೆ ಅವರಲ್ಲಿರುವ ತಮಾಷೆಯ ಹೆಸರು. ಸಂಜೀವಪ್ಪನವರಿಗೆ ಅದರ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿ ನಿಂಬೆಹಣ್ಣಿನ ಸೋಡಾ ಕೊಟ್ಟರು.

ಹೆಡ್ ಕ್ಲಾರ್ಕ್ ಆಗಿ, ಜೀವವೇ ಬೇಸತ್ತು, ಸಂಜೀವಪ್ಪನವರು ದೀಪ ಹಚ್ಚುವ ಹೊತ್ತಿಗೆ ಜಟಕಾದಲ್ಲಿ ಬಂದಿಳಿದರು. ಬೀದಿಯವರು ಆದಿಲಕ್ಷ್ಮಿಯನ್ನು ನಡುವೆ ಕೂರಿಸಿಕೊಂಡು ಜಗಲಿಯ ಮೇಲೆ ಕಾದಿದ್ದರು. ಗೋವಿಂದಮ್ಮ ಎದ್ದು ಬಂದು, ಅವರ ಮುಂಗೈ ಮುಟ್ಟಿ, ಬೆಚ್ಚಗಿದೆಯೇ ಅಂತ ನೋಡಿದರು.

“ಹತ್ತೊಂಬತ್ತನೇ ಗುಂಡಿಗೆ ಹೋಗಿದ್ರಾ?”

“ಹೋಗಿದ್ದೆ.”

“ಏನಿತ್ತು ಅಲ್ಲಿ?”

ಸಂಜೀವಪ್ಪನವರಿಗೆ ಬಿಡಿಸಿ ಹೇಳುವ ಶಕ್ತಿ ಉಳಿದಿರಲಿಲ್ಲ. “ಕುರ್ಚಿ ಹಾಕಿದ್ರು. ನಿಂಬೆಹಣ್ಣಿನ ಸೋಡಾ ಕೊಟ್ರು.”

“ಮತ್ತೆ ವಾಪಸ್ ಬಿಟ್ಬಿಟ್ರಾ?”

“ಬಿಟ್ರು. ಇನ್ಮೇಲೆ ಭಾನುವಾರ ಭಾನುವಾರ ಬಾ ಅಂದವ್ರೆ.”

ಗೋವಿಂದಮ್ಮ ಅವರನ್ನು ಜನಕ್ಕೆ ಕೇಳಿಸದ ಹಾಗೆ ಪಕ್ಕಕ್ಕೆ ಕರೆದು, ಸಂಕೋಚದಿಂದ ಹೇಳಿದರು.

“ಸ್ವಾಮಿ, ಮುಂದಿನ ವಾರ ಹೋದಾಗ ನಮ್ಮೆಜಮಾನ್ರು ಅಲ್ಲೇನಾದ್ರೂ ಸಿಕ್ಕಿದ್ರೆ, ಅಟ್ಟದ ಪೆಟ್ಟಿಗೆ ಬೀಗದ ಕೈ ಎಲ್ಲಿಟ್ಟು ಹೋದ್ರಿ ಅಂತ ಒಂದ್ಮಾತು ಕೇಳ್ಕೊಂಡು ಬನ್ನಿ. ಒಂಬತ್ತು ವರ್ಷದಿಂದ ಹುಡುಕ್ತಾ ಇವ್ನಿ.”

“ಆಗ್ಲಿ, ಕೇಳ್ತೀನಿ” ಅಂದು ಸಂಜೀವಪ್ಪನವರು ಕಾಲು ತೊಳೆಯಲು ಒಳಗೆ ಹೋದರು.